ಅರ್ಧ ಪೆನ್ನಿ ತೂಕದ ಇಲಿ

ಇಲಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಬಾಡಿಗೆ ಮನೆಯ ಅಡುಗೆಮನೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ನಾಲ್ಕು ಜನರ ಜೊತೆ ಒಂದು ಹಳೇ ಮನೆಯಲ್ಲಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದು ದೀಪ ಹಾಕಿದರೆ ಒಲೆಯ ಹಿಂದೆ ಏನೋ ಸರಕ್ಕನೆ ಸರಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಅಕ್ಕಿ ಚೀಲಕ್ಕೆ ತೂತು. ಮಾಲೀಕನಿಗೆ ಫೋನ್ ಮಾಡಿದರೆ 'ಅಡುಗೆಮನೆ ಸ್ವಚ್ಛ ಇಟ್ಟುಕೊಳ್ಳಿ' ಅಂತ ನಮಗೇ ಬುದ್ಧಿ ಹೇಳಿದ. ಕೊನೆಗೆ ನಾವೇ ಬೋನು ತಂದು ಇಟ್ಟೆವು. ಇಂಥ ಕಥೆ ನಿಮ್ಮ ಹತ್ತಿರವೂ ಒಂದಿರುತ್ತದೆ.

ಆದರೆ ಈ ಲೇಖನ ಆ ಇಲಿಯದ್ದಲ್ಲ. ಇದು ಮನೆಯೊಳಗೆ ಕಾಲಿಡದ, ಹುಲ್ಲಿನ ದಂಟಿನ ಮೇಲೆ ಗೂಡು ಹೆಣೆದು ಮರಿ ಹಾಕುವ ಒಂದು ಪುಟ್ಟ ಕಾಡು ಇಲಿಯದ್ದು. ಇಲ್ಲಿಯವರು ಹಾರ್ವೆಸ್ಟ್ ಮೌಸ್ ಅನ್ನುತ್ತಾರೆ. ನಾನು ಸುಗ್ಗಿ ಇಲಿ ಅಂತ ಕರೆದುಕೊಂಡಿದ್ದೇನೆ. ಯುರೋಪಿನ ದಂಶಕಗಳಲ್ಲೆಲ್ಲ ಇದೇ ಅತಿ ಚಿಕ್ಕದು. ದೊಡ್ಡದಾದ ಮೇಲೂ ತೂಕ ಸುಮಾರು 6 ಗ್ರಾಂ ಅಷ್ಟೇ. ನಮ್ಮ ಜೇಬಿನಲ್ಲಿರುವ 2 ಪೆನ್ನಿ ನಾಣ್ಯವೇ 7 ಗ್ರಾಂ ದಾಟುತ್ತದೆ!

ನನಗೆ ಇದರ ವಿಷಯ ಹೇಳಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ. ನಿವೃತ್ತ ಶಾಲಾ ಶಿಕ್ಷಕಿ. ನಾವಿರುವುದು ಬೇಸಿಂಗ್‌ಸ್ಟೋಕ್‌ನಲ್ಲಿ. ಪ್ರತಿ ವರ್ಷ ಚಳಿಗಾಲದಲ್ಲಿ ಆಕೆ ಬೂಟು ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಊರ ಹೊರಗಿನ ಹೊಲಗಳ ಅಂಚಿನಲ್ಲಿ ಇಲಿ ಗೂಡು ಎಣಿಸುವವರ ಜೊತೆ ಹೋಗುತ್ತಾರೆ. ದೀಪಾವಳಿಗೆ ನಾವು ಕೊಟ್ಟ ಕರಿಗಡುಬಿನ ಡಬ್ಬಿ ವಾಪಸ್ ಕೊಡಲು ಬಂದಾಗ ಅದರೊಳಗೆ ಒಂದು ಹಳೇ ಪುಸ್ತಕ ಇಟ್ಟಿದ್ದರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನುವ ನಮ್ಮ ಅವ್ವನ ನಿಯಮ ಇವರಿಗೆ ಯಾರು ಹೇಳಿಕೊಟ್ಟರೋ! 'ನೀನು ಲೆಕ್ಕದವನಲ್ಲವೇ, ಇದು ನಿನಗೆ ಇಷ್ಟವಾಗುತ್ತದೆ' ಅಂದರು. ಗಿಲ್ಬರ್ಟ್ ವೈಟ್ ಎಂಬಾತ ಸೆಲ್ಬೋರ್ನ್ ಎಂಬ ಹಳ್ಳಿಯ ಪ್ರಕೃತಿ ಚರಿತ್ರೆ ಬರೆದ ಪುಸ್ತಕ. 1789ರದು. ಆ ಸೆಲ್ಬೋರ್ನ್ ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೂ ಆಗದು. ಇಷ್ಟು ವರ್ಷ ಇಲ್ಲೇ ಇದ್ದು ನಾನು ಹೆಸರು ಕೇಳಿರಲಿಲ್ಲ.

ಮುಂದಿನ ಶನಿವಾರ ಹೊರಟೆವು. ಮನೆಯಾಕೆ ಚಪಾತಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿದಳು. ಹತ್ತು ವರ್ಷದ ಮಗಳು ಹಿಂದಿನ ಸೀಟಿನಲ್ಲಿ. ಆಲ್ಟನ್ ಪಟ್ಟಣ ದಾಟಿದ ಮೇಲೆ ರಸ್ತೆ ಸಣ್ಣದಾಗುತ್ತದೆ, ಎರಡೂ ಕಡೆ ಬೇಲಿಸಾಲು. ನವೆಂಬರ್ ಆದ್ದರಿಂದ ಮರಗಳೆಲ್ಲ ತಾಮ್ರದ ಬಣ್ಣ. ಸೆಲ್ಬೋರ್ನ್ ಅಂದರೆ ಒಂದೇ ಉದ್ದನೆಯ ಬೀದಿಯ ಹಳ್ಳಿ. ಹಿಂದೆ ಗೋಡೆಯ ಹಾಗೆ ಎದ್ದ ಕಡಿದಾದ ಗುಡ್ಡ, ಅದರ ತುಂಬ ಬೀಚ್ ಮರಗಳು. ಆ ಗುಡ್ಡಕ್ಕೆ ಹ್ಯಾಂಗರ್ ಅನ್ನುತ್ತಾರೆ.

ಬೀದಿಯಲ್ಲಿರುವ ವೈಟ್‌ನ ಮನೆ ಈಗ ವಸ್ತುಸಂಗ್ರಹಾಲಯ. ವೈಟ್ ಹುಟ್ಟಿದ್ದು ಇದೇ ಊರಲ್ಲಿ, 1720ರಲ್ಲಿ. ತೀರಿಕೊಂಡಿದ್ದೂ ಇದೇ ಮನೆಯಲ್ಲಿ, 1793ರಲ್ಲಿ. ಕಸುಬಿನಿಂದ ಚರ್ಚಿನ ಪಾದ್ರಿ. ಮದುವೆ ಆಗಲಿಲ್ಲ, ದೊಡ್ಡ ಹುದ್ದೆಗೆ ಹೋಗಲಿಲ್ಲ. ಮಾಡಿದ್ದು ಇಷ್ಟೇ: ದಿನಾ ನೋಡಿದ್ದನ್ನು ದಿನಾ ಬರೆದಿಟ್ಟ. 1751ರಿಂದ ತೋಟದ ದಿನಚರಿ, ಆಮೇಲೆ ಹವೆ, ಹಕ್ಕಿ, ಹುಳ, ಗಿಡಗಳ ದಿನಚರಿ. ಯಾವ ಹಕ್ಕಿ ಯಾವ ದಿನ ಬಂತು, ಎಷ್ಟು ಮಳೆ ಆಯಿತು, ಸೌತೆ ಯಾವಾಗ ಹೂ ಬಿಟ್ಟಿತು. ಅತ್ತೆಯಿಂದ ಬಂದ ತಿಮೋತಿ ಎಂಬ ಆಮೆಯನ್ನು ತಕ್ಕಡಿಗೆ ಹಾಕಿ ತೂಗಿ ಬರೆದಿಟ್ಟಿದ್ದ. ಅದಕ್ಕೆ ಕಿವಿ ಕೇಳಿಸುತ್ತದೋ ಇಲ್ಲವೋ ಅಂತ ಕಹಳೆಯಂಥ ಕೊಳವೆಯಲ್ಲಿ ಕೂಗಿಯೂ ನೋಡಿದ್ದ. ಇಷ್ಟೆಲ್ಲ ನೋಡಿದವನಿಗೆ ಆ ಆಮೆ ಹೆಣ್ಣು ಅಂತ ಗೊತ್ತಾಗಿರಲಿಲ್ಲ. ಅದು ತಿಳಿದದ್ದು ಇಬ್ಬರೂ ಹೋದ ಮೇಲೆ. ಮಗಳು ಈ ಮಾತಿಗೆ ಬಹಳ ಹೊತ್ತು ನಕ್ಕಳು.

ಈಗ ಇಲಿಯ ವಿಷಯ. 1767ರ ನವೆಂಬರ್ 4ರಂದು ವೈಟ್ ತನ್ನ ಸ್ನೇಹಿತ ಥಾಮಸ್ ಪೆನ್ನಂಟ್‌ಗೆ ಒಂದು ಪತ್ರ ಬರೆದ. ಗೋಧಿ ಹೊಲದಲ್ಲಿ ಒಂದು ಮುಳ್ಳುಗಿಡದ ತಲೆಗೆ ತೂಗಿಕೊಂಡಿದ್ದ ಗೂಡು ಅವನಿಗೆ ಸಿಕ್ಕಿತ್ತು. ಗೋಧಿಯ ಗರಿಗಳಿಂದ ಹೆಣೆದದ್ದು, ಪೂರ್ತಿ ದುಂಡಗೆ. ಗಾತ್ರ ಎಷ್ಟು ಅಂತ ಹೇಳಲು ಅವನು ಕೊಟ್ಟ ಹೋಲಿಕೆ ಕ್ರಿಕೆಟ್ ಚೆಂಡಿನದು! ಓದಿದ ಕೂಡಲೇ ಈ ಪಾದ್ರಿ ನಮ್ಮವನೇ ಅನ್ನಿಸಿತು. ಗೂಡಿಗೆ ಬಾಗಿಲು ಎಲ್ಲಿದೆ ಅಂತ ಹುಡುಕಿದರೂ ಕಾಣಲಿಲ್ಲವಂತೆ. ಮೇಜಿನ ಮೇಲೆ ಉರುಳಿಸಿದರೂ ಕೆಡದಷ್ಟು ಬಿಗಿ, ಒಳಗೆ ಕಣ್ಣು ಬಿಡದ ಎಂಟು ಮರಿಗಳು. ಇಷ್ಟು ತುಂಬಿದ ಚೆಂಡಿನೊಳಗೆ ತಾಯಿ ಹೋಗಿ ಹಾಲು ಕೊಡುವುದಾದರೂ ಹೇಗೆ ಅಂತ ಅವನು ತಲೆ ಕೆಡಿಸಿಕೊಂಡ. ಬೇಕಾದ ಕಡೆ ಬಿಡಿಸಿಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಸರಿಮಾಡಿ ಹೋಗುತ್ತಿರಬಹುದು ಅಂತ ಊಹಿಸಿದ.

ಮುಂದಿನ ಜನವರಿಯಲ್ಲಿ ಇನ್ನೊಂದು ಪತ್ರ. ನೆರೆಯವರೊಬ್ಬರು ಓಟ್ಸ್ ಬಣವೆ ತೆಗೆದಾಗ ಅದರ ಮೇಲಿನ ಹೊದಿಕೆಯ ಕೆಳಗೆ ಹತ್ತಿರ ಹತ್ತಿರ ನೂರು ಇಲಿ ಸಿಕ್ಕವು. ವೈಟ್ ಅಳತೆ ಪಟ್ಟಿ ತೆಗೆದ. ಮೂತಿಯಿಂದ ಬಾಲದ ಬುಡದವರೆಗೆ ಎರಡೂಕಾಲು ಇಂಚು, ಬಾಲ ಎರಡು ಇಂಚು. ಆಮೇಲೆ ತಕ್ಕಡಿ. ಒಂದು ತಟ್ಟೆಯಲ್ಲಿ ಎರಡು ಇಲಿ, ಇನ್ನೊಂದರಲ್ಲಿ ತಾಮ್ರದ ಒಂದು ಅರ್ಧ ಪೆನ್ನಿ ನಾಣ್ಯ. ಅದು ಔನ್ಸಿನ ಮೂರನೇ ಒಂದು ಭಾಗ ಅಂತ ಬರೆದ. ಹಾಗೆಯೇ ಒಂದು ದೊಡ್ಡ ಮನೆ ಇಲಿಯನ್ನೂ ತೂಗಿ, ಅದು ಒಂದು ಔನ್ಸ್, ಅಂದರೆ ಇದರ ಆರು ಪಟ್ಟಿಗಿಂತ ಹೆಚ್ಚು ಅಂದ.

ಅಂಕಿ ಕಂಡರೆ ಸುಮ್ಮನಿರುವ ಜಾತಿ ನಮ್ಮದಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ತಾಳೆ ನೋಡಿದೆ. ಒಂದು ಔನ್ಸ್ ಅಂದರೆ 28.35 ಗ್ರಾಂ. ಅದರ ಮೂರನೇ ಒಂದು ಭಾಗ 9.45. ಎರಡು ಇಲಿಗೆ ಹಂಚಿದರೆ ಒಂದಕ್ಕೆ 4.7 ಗ್ರಾಂ. ಇವತ್ತಿನ ವಿಜ್ಞಾನಿಗಳು ಕೊಡುವ 4ರಿಂದ 6 ಗ್ರಾಂ ಒಳಗೆ ಸರಿಯಾಗಿ ಕೂರುತ್ತದೆ. 250 ವರ್ಷದ ಹಿಂದಿನ ಲೆಕ್ಕ, ಒಂದು ನಾಣ್ಯದ ಮೇಲೆ ನಿಂತದ್ದು, ತಾಳೆ ಆಯಿತು. ನಾನು ನೋಡಿದ ಎಷ್ಟೋ ಕಂಪನಿಗಳ ಪುಸ್ತಕ ಎರಡು ವರ್ಷಕ್ಕೇ ತಾಳೆ ಆಗುವುದಿಲ್ಲ.

ಒಂದು ಕಡೆ ಮಾತ್ರ ತಪ್ಪಿದ. ಈ ದ್ವೀಪದ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಇದೇ ಅತಿ ಚಿಕ್ಕದಿರಬೇಕು ಅಂದಿದ್ದ. ಅದಕ್ಕಿಂತ ಹಗುರವಾದ ಒಂದು ಮೂಗಿಲಿ ಇಲ್ಲಿದೆ, ಆದರೆ ಅದು ದಂಶಕಗಳ ಗುಂಪಿಗೆ ಸೇರಿದ್ದಲ್ಲ. ಇನ್ನೊಂದು ವಿಷಯ: ಬ್ರಿಟನ್‌ನಲ್ಲಿ ಈ ಇಲಿ ಬೇರೆಯದೇ ಜಾತಿ ಅಂತ ಮೊದಲು ಗುರುತಿಸಿದವನು ವೈಟ್, ಆದರೆ ಶಾಸ್ತ್ರೀಯ ಹೆಸರಿನ ಮುಂದೆ ಇರುವುದು 1771ರಲ್ಲಿ ವಿವರಣೆ ಪ್ರಕಟಿಸಿದ ಪಲ್ಲಾಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು. ವೈಟ್‌ನ ಪತ್ರಗಳು ಪುಸ್ತಕವಾಗಿದ್ದು ಆಮೇಲೆ. ವೋಚರ್ ಇದ್ದರೆ ಸಾಲದು, ಸಮಯಕ್ಕೆ ಸಲ್ಲಿಸಬೇಕು!

ಊಟ ಮುಗಿಸಿ ಗುಡ್ಡ ಹತ್ತಿದೆವು. ವೈಟ್ ಮತ್ತು ಅವನ ತಮ್ಮ ಸೇರಿ 1753ರಲ್ಲಿ ಕಡಿದ ಅಂಕುಡೊಂಕು ದಾರಿ ಇನ್ನೂ ಇದೆ, ಜಿಗ್‌ಜ್ಯಾಗ್ ಅಂತಲೇ ಹೆಸರು. ಸುಣ್ಣದ ಮಣ್ಣು, ಮಳೆ ಬಿದ್ದರೆ ಜಾರುತ್ತದೆ. ಮೇಲಿನಿಂದ ನೋಡಿದರೆ ಚರ್ಚು, ಬೀದಿ, ಹೊಲ, ಬೇಲಿ ಎಲ್ಲ ಅಂಗೈಯಲ್ಲಿ ಇಟ್ಟ ಹಾಗೆ. ಇಳಿದು ಬಂದು ಚರ್ಚಿನ ಹಿಂದೆ ಅವನ ಸಮಾಧಿ ಹುಡುಕಿದೆವು. ಗಿಡ್ಡ ಕಲ್ಲು. ಹೆಸರಿನ ಎರಡು ಅಕ್ಷರ ಮತ್ತು ತಾರೀಖು, ಅಷ್ಟೇ.

ಮರುವಾರ ಅಜ್ಜಿ ನಮ್ಮನ್ನು ಗೂಡು ಎಣಿಸಲು ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಹುಡುಕಬಾರದು, ಒಳಗೆ ಮರಿ ಇರುತ್ತವೆ. ಹುಲ್ಲು ಒಣಗಿ ಬಾಗಿದ ಮೇಲೆ, ಇಲಿಗಳು ಗೂಡು ಬಿಟ್ಟು ಕೆಳಗಿಳಿದ ಮೇಲೆ, ಅಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹುಡುಕುವುದು. ಹೊಲದ ಅಂಚಿನಲ್ಲಿ ನಾಲ್ಕೈದು ಅಡಿ ಅಗಲ ಕೊಯ್ಯದೆ ಬಿಟ್ಟ ಹುಲ್ಲು, ಪಕ್ಕದಲ್ಲಿ ಮುಳ್ಳು ಬೇಲಿ. ಎಂಟು ಜನ ಸಾಲಾಗಿ ನಿಂತು ಕೋಲಿನಿಂದ ಹುಲ್ಲನ್ನು ಮೆಲ್ಲಗೆ ಸರಿಸುತ್ತ ಹೋದೆವು. ಸೊಂಟ ಹಿಡಿದುಕೊಂಡಿತು. ಒಂದೂವರೆ ಗಂಟೆ ಏನೂ ಇಲ್ಲ. ಚಳಿಗೆ ಬೆರಳು ಮರಗಟ್ಟಿದವು. ಇದೆಲ್ಲ ಕೆಲಸವಿಲ್ಲದವರ ಕೆಲಸ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಆಗ ಮಗಳು 'ಅಪ್ಪಾ' ಅಂದಳು. ಕೂಗಲಿಲ್ಲ, ಪಿಸುಗುಟ್ಟಿದಳು.

ಅವಳ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಒರಟು ಹುಲ್ಲಿನ ದಂಟುಗಳ ನಡುವೆ ಒಂದು ಚೆಂಡು. ಒಣಗಿ ಕಂದಾಗಿತ್ತು. ನಿಜವಾಗಿಯೂ ಕ್ರಿಕೆಟ್ ಚೆಂಡಿಗಿಂತ ಒಂದಿಷ್ಟು ದೊಡ್ಡದು. ಹತ್ತಿರದಿಂದ ನೋಡಿದಾಗ ಅದರ ಜಾಣತನ ಗೊತ್ತಾಯಿತು. ಹಕ್ಕಿಯ ಹಾಗೆ ಬೇರೆ ಕಡೆಯಿಂದ ಕಡ್ಡಿ ತಂದು ಇಟ್ಟದ್ದಲ್ಲ. ಹೆಣ್ಣಿಲಿ ದಂಟಿನ ಮೇಲೆ ಹಿಂಗಾಲು, ಬಾಲದಿಂದ ಹಿಡಿದುಕೊಂಡು ಕೂತು, ಸುತ್ತಲಿನ ಗರಿಗಳನ್ನು ಒಂದೊಂದಾಗಿ ಬಾಯಿಗೆಳೆದು, ಹಲ್ಲಿನಿಂದ ಉದ್ದಕ್ಕೆ ಸೀಳುತ್ತದೆ. ಸೀಳಿದರೂ ಕತ್ತರಿಸುವುದಿಲ್ಲ. ಗರಿ ಗಿಡಕ್ಕೆ ಅಂಟಿಕೊಂಡೇ ಇರುತ್ತದೆ. ಆ ಜೀವಂತ ಎಳೆಗಳನ್ನೇ ಒಳಗಿನಿಂದ ಹೆಣೆಯುತ್ತ ಹೋಗುತ್ತದೆ. ಹಾಗಾಗಿ ಗೂಡು ಗಿಡದ್ದೇ ಭಾಗ. ಗಿಡ ಹಸಿರಿದ್ದಷ್ಟು ದಿನ ಗೂಡೂ ಹಸಿರು, ಗಾಳಿಗೆ ಬೀಳುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಒಳಗೆ ಇನ್ನೂ ಸಣ್ಣಗೆ ಸೀಳಿದ ಹುಲ್ಲಿನ ಮೆತ್ತೆ.

ಬಾಲದ ವಿಷಯ ಹೇಳಲೇಬೇಕು. ಮೈಯಷ್ಟೇ ಉದ್ದದ ಬಾಲ, ಅದರ ತುದಿ ದಂಟಿಗೆ ಸುತ್ತಿಕೊಳ್ಳುತ್ತದೆ. ಐದನೇ ಕೈ ಅನ್ನಿ. ಹಿಂಗಾಲು ಮತ್ತು ಬಾಲ ದಂಟು ಹಿಡಿದರೆ ಮುಂಗೈ ಎರಡೂ ಕಾಳು ತಿನ್ನಲು ಬಿಡುವು. ಊಟ ಅಂದರೆ ಹುಲ್ಲಿನ ಬೀಜ, ಕಾಳು, ಸಣ್ಣ ಹಣ್ಣು, ಹುಳು. ಕಿವಿಯ ಜೊತೆಗೆ ಕಾಲಿನಿಂದಲೂ ಕೇಳಿಸಿಕೊಳ್ಳುತ್ತದೆ ಅನ್ನಬಹುದು. ನಾವು ನಡೆಯುವ ಅದುರು ದಂಟಿನ ಮೂಲಕ ತಲುಪಿದ ಕೂಡಲೇ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಇಲ್ಲವೇ ಕೆಳಗೆ ಬಿದ್ದು ಮಾಯ. ಅದಕ್ಕೇ ಅಜ್ಜಿ ಹನ್ನೆರಡು ವರ್ಷ ಗೂಡು ಎಣಿಸಿದರೂ ಹೊಲದಲ್ಲಿ ಇಲಿಯನ್ನೇ ಕಂಡದ್ದು ಎರಡು ಸಲ. ನಮಗೂ ಕಾಣಲಿಲ್ಲ. ಕಂಡಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಕಾಣಲಿಲ್ಲ.

ಬಸುರಿನ ದಿನ ಹದಿನೇಳರಿಂದ ಹತ್ತೊಂಬತ್ತು. ಹುಟ್ಟಿದ ಮರಿ ಒಂದು ಗ್ರಾಂ ಕೂಡ ಇರುವುದಿಲ್ಲ. ಹದಿನಾರನೇ ದಿನದ ಹೊತ್ತಿಗೆ ಅದರ ಬದುಕು ಅದಕ್ಕೆ. ತಾಯಿ ಆ ಗೂಡಿಗೆ ಮತ್ತೆ ಬರುವುದಿಲ್ಲ. ಮುಂದಿನ ಹೆರಿಗೆಗೆ ಬೇರೆ ಗೂಡು. ಇದನ್ನು ಕೇಳಿ ಮಗಳು 'ನಮ್ಮ ಹಾಗೆಯೇ' ಅಂದಳು. ಅವಳು ಹುಟ್ಟಿದ ಮೇಲೆ ನಾವು ನಾಲ್ಕು ಮನೆ ಬದಲಿಸಿದ್ದೇವೆ. ಎರಡು ಸಲ ಮಾಲೀಕ ಮಾರುತ್ತೇನೆ ಅಂದ, ಒಂದು ಸಲ ಬಾಡಿಗೆ ಏರಿತು, ಒಂದು ಸಲ ನನ್ನ ಕೆಲಸ ಹೋಯಿತು. ಶಾಲೆ ಬದಲಾದಾಗೆಲ್ಲ ಅವಳು ಏನೂ ಅನ್ನುತ್ತಿರಲಿಲ್ಲ. ಲೆಕ್ಕ ಇಟ್ಟಿದ್ದಾಳೆ ಅಂತ ಅವತ್ತು ಗೊತ್ತಾಯಿತು.

ಇಂಥ ಇಲಿ ಈಗ ಕಡಿಮೆಯಾಗುತ್ತಿದೆ. ಅಪರೂಪಕ್ಕೆ ಒಂದೂವರೆ ವರ್ಷ ಬದುಕಬಹುದು, ಹೆಚ್ಚಿನವು ಒಂದು ಚಳಿಗಾಲ ದಾಟುವುದಿಲ್ಲ. ಮುಂಗುಸಿಯಂಥ ವೀಸಲ್, ಗೂಬೆ, ಕಾಗೆ, ಸಾಕಿದ ಬೆಕ್ಕು, ಎಲ್ಲಕ್ಕೂ ಇದು ತುತ್ತು. ಅದು ಮೊದಲಿಂದಲೂ ಇದ್ದದ್ದೇ. ಹೊಸದಾಗಿ ಆಗಿರುವುದು ಜಾಗದ ಅಭಾವ. 1930ರ ದಶಕದಿಂದ ಈಚೆಗೆ ಬ್ರಿಟನ್ ತನ್ನ ಹೂವು ತುಂಬಿದ ಹುಲ್ಲುಗಾವಲುಗಳಲ್ಲಿ ಶೇಕಡಾ 97ರಷ್ಟನ್ನು ಕಳೆದುಕೊಂಡಿದೆ ಅನ್ನುತ್ತಾರೆ. ಬೇಲಿ ಕಿತ್ತು ಹೊಲ ದೊಡ್ಡದು ಮಾಡಿದರು, ಕೊಯ್ಲು ಯಂತ್ರ ಬಂತು, ಹುಲ್ಲು ಬೇಗ ಕತ್ತರಿಸುತ್ತಾರೆ. ಬಣವೆ ಹೋಯಿತು, ಚಳಿಗಾಲದ ಛತ್ರವೂ ಹೋಯಿತು. ಹಿಂದೆ ಬಣವೆಗೆ ಇಲಿ ಹತ್ತದಿರಲಿ ಅಂತ ಅಣಬೆ ಆಕಾರದ ಕಲ್ಲುಗಳ ಮೇಲೆ ಬಣವೆ ಒಟ್ಟುತ್ತಿದ್ದರು. ಆ ಕಲ್ಲುಗಳು ಈಗ ಮನೆ ಮುಂದೆ ಅಲಂಕಾರಕ್ಕೆ. 2001ರಲ್ಲಿ ವಿಂಬಲ್ಡನ್‌ನಲ್ಲಿ ಆಡಿದ ಟೆನಿಸ್ ಚೆಂಡುಗಳಿಗೆ ತೂತು ಕೊರೆದು, ಕೋಲಿನ ಮೇಲೆ ನಿಲ್ಲಿಸಿ, ಈ ಇಲಿಗೆ ಮನೆ ಮಾಡಿಕೊಟ್ಟರು. ಅಜ್ಜಿ ಅದನ್ನು ಹೇಳಿ ನಕ್ಕು, 'ಹುಲ್ಲು ಬಿಟ್ಟರೆ ಸಾಕಿತ್ತು' ಅಂದರು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಹೊಲದ ಅಂಚಿನಲ್ಲಿ ನಿಂತಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ಕಾರಣ ಹೇಳುತ್ತೇನೆ.

ನಮ್ಮೂರು ಧಾರವಾಡದ ಹತ್ತಿರ. ಮಸಾರಿ ಹೊಲ, ಶೇಂಗಾ, ಜೋಳ. ಅಪ್ಪ ತೀರಿಕೊಂಡ ಮೇಲೆ ತಮ್ಮ ನೋಡಿಕೊಳ್ಳುತ್ತಾನೆ, ನಾನು ದುಡ್ಡು ಕಳಿಸುತ್ತೇನೆ. ನಮ್ಮ ಎರಡು ಪಟ್ಟಿಗಳ ನಡುವೆ ಒಂದು ಬದು. ಅದರ ಮೇಲೆ ಹುಲ್ಲು, ಕಾರಿ ಕಂಟಿ, ತುದಿಗೆ ಒಂದು ಬನ್ನಿ ಗಿಡ. ಅದನ್ನು ತೆಗೆಸಿ ಎರಡೂ ಪಟ್ಟಿ ಒಂದು ಮಾಡೋಣ ಅಂತ ತಮ್ಮ ಶೀಗಿ ಹುಣ್ಣಿಮೆ ಹೊತ್ತಿಗೆ ಕೇಳಿದ್ದ. ನಾನು ಲ್ಯಾಪ್‌ಟಾಪ್ ತೆಗೆದೆ. ಉದ್ದ ನಾನೂರು ಅಡಿ, ಅಗಲ ಆರು ಅಡಿ, 2,400 ಚದರ ಅಡಿ, ಎರಡು ಗುಂಟೆ ಚಿಲ್ಲರೆ. ಟ್ರ್ಯಾಕ್ಟರ್ ತಿರುಗಿಸುವ ಹೊತ್ತು ಉಳಿಯುತ್ತದೆ. ಲಾಭದ ಕಡೆಗೆ ಅಂಕಿ ಬಂತು, ಜೆಸಿಬಿಗೆ ದುಡ್ಡು ಹಾಕಿದೆ. ಹತ್ತು ನಿಮಿಷದ ಕೆಲಸ.

ಆ ಬದುವಿನ ಮೇಲೆ ನಾವು ಸಣ್ಣವರಿದ್ದಾಗ ಒಂದು ವಿಚಿತ್ರ ನೋಡುತ್ತಿದ್ದೆವು. ಮಣ್ಣಿನಲ್ಲಿ ಸಣ್ಣ ಬಿಲ, ಬಿಲದ ಬಾಯಿಗೆ ಹರಳು ಕಲ್ಲಿನ ಪುಟ್ಟ ಗುಡ್ಡೆ. ಕಾಲಿನಿಂದ ಕೆದರಲು ಹೋದರೆ ಅಪ್ಪ 'ಬ್ಯಾಡಲೇ, ಇಲಿ ಬಾಗಲಾ ಹಾಕ್ಕೊಂಡು ಮಲಗೈತಿ' ಅನ್ನುತ್ತಿದ್ದ. ನಮ್ಮನ್ನು ಸುಮ್ಮನಿರಿಸಲು ಹೇಳಿದ ಕಥೆ ಅಂದುಕೊಂಡಿದ್ದೆ.

ಅದು ಕಥೆಯಲ್ಲ. ಬರೆದಿಟ್ಟವನು ಈ ದೇಶದವನೇ, ವಾಲ್ಟರ್ ಎಲಿಯಟ್ ಎಂಬ ಸ್ಕಾಟ್ಲೆಂಡ್‌ನ ಅಧಿಕಾರಿ. ನಮ್ಮ ಕಡೆಯವರಿಗೆ ಬೇರೆ ಕಾರಣಕ್ಕೆ ಗೊತ್ತು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕ ಇಬ್ಬರಲ್ಲಿ ಒಬ್ಬ. ಆಮೇಲೂ ಧಾರವಾಡ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದು ನಮ್ಮ ಶಾಸನಗಳ ಪ್ರತಿ ಮಾಡಿಸಿದ. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ, ಸ್ಥಳೀಯ ಭಾಷೆಗಳ ಹೆಸರು ಸಮೇತ. ಮಣ್ಣು ಅಗೆಯುವ ಕಾಯಕದ ಒಡ್ಡರ ಬಾಯಿಂದ ಬಂದ ಹೆಸರುಗಳೂ ಅದರಲ್ಲಿವೆ. ನಮ್ಮ ಪೊದೆ ಇಲಿಯ ಶಾಸ್ತ್ರೀಯ ಹೆಸರು ಗೊಲುಂಡಾ ಎಲಿಯೋಟಿ. ಮೊದಲ ಪದ ಅವನು ಬರೆದುಕೊಂಡ ಕನ್ನಡದ ಗುಲಂಡಿ, ಎರಡನೆಯದು ಅವನದೇ ಹೆಸರು. ಅದೇ ಪಟ್ಟಿಯಲ್ಲಿ ಅಪ್ಪನ ಇಲಿಯೂ ಇದೆ. ಕೆಂಪು ಗರಸು ಮಣ್ಣಿನ ದಿಬ್ಬದ ಬದಿಯಲ್ಲಿ ಬಿಲ ತೋಡುತ್ತದೆ, ಒಳಗಿರುವಾಗ ಸಣ್ಣ ಕಲ್ಲುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗಿನ ಕೋಣೆಯಲ್ಲೂ ಹರಳು ಕಲ್ಲು ಹಾಸಿ ಅದರ ಮೇಲೆ ಕೂರುತ್ತದೆ ಅಂತ ವಿವರ ಕೊಟ್ಟಿದ್ದಾನೆ. ಇಂಗ್ಲೆಂಡಿನ ಇಲಿ ಹುಲ್ಲು ಹೆಣೆದರೆ, ನಮ್ಮದು ಕಲ್ಲು ಜೋಡಿಸುತ್ತದೆ.

ರಾತ್ರಿ ಇದನ್ನು ಓದಿ, ಊರಲ್ಲಿ ಬೆಳಗಾಗುವುದನ್ನೇ ಕಾದು ತಮ್ಮನಿಗೆ ಫೋನ್ ಮಾಡಿದೆ.

'ಬದು ಸದ್ಯಕ್ಕ ತಗೀಬ್ಯಾಡ' ಅಂದೆ.

'ಯಾಕಣ್ಣ? ಜೆಸಿಬಿಯವಗ ಸೋಮವಾರ ಬಾ ಅಂದೀನಿ.'

ಇಲಿಯ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಅಣ್ಣ, ನಿನಗ ಅಲ್ಲಿ ಇಲಿ ಕಂಡ್ರ ಚಂದ. ನನಗ ಇಲ್ಲಿ ಇಲಿ ಶೇಂಗಾ ತಿಂತಾವ. ಹೋದ ವರ್ಷ ಮಳಿ ಕೈಕೊಟ್ಟಾಗ ಎಷ್ಟು ಚೀಲ ಬಂತು ಅಂತ ನೀನೇ ಬರ್ಕೊಂಡಿ. ತಗಿ ಅಂದಾವ್ನೂ ನೀನ, ಬ್ಯಾಡ ಅನ್ನಾವ್ನೂ ನೀನ. ಹೊಲದಾಗ ನಿಲ್ಲಾವ ಯಾರು?'

ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾವು ಹೊರಗಿರುವವರು ಮಾಡುವುದೇ ಇದು, ಗೆಳೆಯರೇ. ದುಡ್ಡು ಕಳಿಸುತ್ತೇವೆ ಅಂತ ಅಲ್ಲಿಯ ಮನೆಯ ಬಣ್ಣದಿಂದ ಹಿಡಿದು ಅವ್ವನ ಔಷಧದವರೆಗೆ ಇಲ್ಲಿ ಕೂತು ತೀರ್ಮಾನ ಮಾಡುತ್ತೇವೆ. ವಾಲ್ಟರ್ ಎಲಿಯಟ್ ಹೊರಗಿನಿಂದ ಬಂದವನು, ಆದರೂ ಅಲ್ಲಿಯ ಮಣ್ಣು ಅಗೆಯುವವರನ್ನು ಕೇಳಿ ಬರೆದುಕೊಂಡ. ನಾನು ಅದೇ ಮಣ್ಣಿನ ಮಗ, ತಮ್ಮನನ್ನು ಕೇಳದೆ ಸ್ಪ್ರೆಡ್‌ಶೀಟ್ ಕೇಳಿದೆ.

'ಸರಿ, ನೀನು ಹೇಳಿದಂಗ ಆಗಲಿ' ಅಂದೆ. 'ಆದ್ರ ಜೆಸಿಬಿ ಬರೂ ಮುಂಚೆ ಒಂದ್ಸಲ ನಡಕೊಂಡು ನೋಡಿ ಬಾ. ಅಪ್ಪ ಹೇಳ್ತಿದ್ದ ಬಿಲ ಇನ್ನೂ ಅದಾವೇನು ಅಂತ ಹೇಳು. ಅಷ್ಟ ಸಾಕು.'

ಭಾನುವಾರ ಸಂಜೆ ಅವನಿಂದ ಒಂದು ಫೋಟೋ ಬಂತು. ಬನ್ನಿ ಗಿಡದ ಕಡೆಯ ಬದುವಿನ ಇಳಿಜಾರು, ಒಂದು ಸಣ್ಣ ತೂತು, ಮುಂದೆ ಕಡಲೆಕಾಳಿನಷ್ಟು ಗಾತ್ರದ ಕಲ್ಲಿನ ರಾಶಿ. ಪಕ್ಕದಲ್ಲಿ ಅಳತೆಗೆ ಅಂತ ಅವನ ಚಪ್ಪಲಿ. ಕೆಳಗೆ ಏನೂ ಬರೆದಿರಲಿಲ್ಲ. ಸೋಮವಾರ ಅವನೇ ಫೋನ್ ಮಾಡಿದ. ರಸ್ತೆ ಕಡೆಯ ಅರ್ಧ ಬದು ತೆಗೆಸಿದ್ದಾನೆ, ಟ್ರ್ಯಾಕ್ಟರ್ ತಿರುಗಲು ಅಷ್ಟು ಸಾಕಂತೆ. ಬನ್ನಿ ಗಿಡದ ಕಡೆಯ ಅರ್ಧ ಹಾಗೇ ಬಿಟ್ಟಿದ್ದಾನೆ. ಇಲಿಗೆ ಅಂತ ಹೇಳಲಿಲ್ಲ. 'ಅಪ್ಪ ಅಲ್ಲೇ ಚರಗಾ ಚೆಲ್ತಿದ್ದ, ನಾನೂ ಮೊನ್ನೆ ಅಲ್ಲೇ ಚೆಲ್ಲೀನಿ' ಅಂದ.

ಚರಗ ಗೊತ್ತಿಲ್ಲದ ಕಡೆಯವರಿಗೆ ಒಂದು ಮಾತು. ಶೀಗಿ ಹುಣ್ಣಿಮೆ ದಿನ ಮನೆಯಲ್ಲಿ ಮಾಡಿದ ಅಡುಗೆಯನ್ನು ಹೊಲಕ್ಕೆ ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯೊಳಗೆಲ್ಲ ಚೆಲ್ಲುತ್ತ ನಡೆಯುವುದು. ಬೆಳೆ ನಮ್ಮದಾದರೂ ನೆಲದಲ್ಲಿ ಪಾಲು ಇರುವವರು ಬಹಳ ಜನ ಅಂತ ಅದರ ಅರ್ಥ. ಅಪ್ಪ ಬದುವಿನ ಹುಲ್ಲಿಗೂ ಒಂದು ಹಿಡಿ ಹಾಕುತ್ತಿದ್ದ. ನಾನು ಬಿಕಾಂ ಓದುವಾಗ, ಈ ಖರ್ಚು ಯಾವ ತಲೆಬರಹದಲ್ಲಿ ಬರೆಯಬೇಕು ಅಂತ ಅಪ್ಪನನ್ನು ಚೇಷ್ಟೆ ಮಾಡಿದ್ದೆ. ಅಪ್ಪ ನಕ್ಕು ಸುಮ್ಮನಾಗಿದ್ದ.

ಇನ್ನು ಸೆಲ್ಬೋರ್ನ್‌ಗೆ ಹೋಗುವವರಿಗೆ. ಲಂಡನ್ ಕಡೆಯವರು ವಾಟರ್‌ಲೂ ನಿಲ್ದಾಣದಿಂದ ಆಲ್ಟನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ ಹಿಡಿಯಬಹುದು. ಬಸ್ಸುಗಳು ಕಡಿಮೆ, ವೇಳೆ ನೋಡಿಕೊಂಡೇ ಹೊರಡಿ. ನಾಲ್ಕು ಜನ ಸೇರಿ ಕಾರಿನಲ್ಲಿ ಹೋದರೆ ಅಗ್ಗ. ಗುಡ್ಡ ಹತ್ತಲು, ಚರ್ಚು ನೋಡಲು ದುಡ್ಡಿಲ್ಲ, ಮನೆ ನೋಡಲು ಟಿಕೆಟ್ ಇದೆ. ಒಳ್ಳೇ ಬೂಟು ಬೇಕೇ ಬೇಕು. ಬುತ್ತಿ ಕಟ್ಟಿಕೊಂಡು ಹೋಗಿ. ಗೂಡು ಹುಡುಕುವ ಆಸೆ ಇದ್ದರೆ ಒಬ್ಬರೇ ಯಾರದೋ ಹೊಲಕ್ಕೆ ನುಗ್ಗಬೇಡಿ. ಮ್ಯಾಮಲ್ ಸೊಸೈಟಿಯವರು ಸುಗ್ಗಿ ಇಲಿಯ ಸಮೀಕ್ಷೆ ನಡೆಸುತ್ತಾರೆ, ನಿಮ್ಮ ಊರಿನ ಸ್ವಯಂಸೇವಕರ ಜೊತೆ ಹೋಗಿ. ಇಂಗ್ಲಿಷ್ ಹರಕು ಮುರುಕಾದರೂ ನಡೆಯುತ್ತದೆ, ಅಲ್ಲಿ ಹೆಚ್ಚು ಮಾತಾಡುವವರನ್ನು ಯಾರೂ ಇಷ್ಟಪಡುವುದಿಲ್ಲ.

ನಾವು ಕಂಡ ಆ ಗೂಡನ್ನು ಅಜ್ಜಿ ಕಿತ್ತು ಕೊಡಲಿಲ್ಲ. ಅದರ ಜಾಗ, ನೆಲದಿಂದ ಎತ್ತರ, ಹುಲ್ಲಿನ ಜಾತಿ ಎಲ್ಲ ಬರೆದುಕೊಂಡು ಅಲ್ಲೇ ಬಿಟ್ಟೆವು. ನೆಲದಿಂದ 48 ಸೆಂಟಿಮೀಟರ್. ಅಳತೆ ಪಟ್ಟಿ ಹಿಡಿದವಳು ಮಗಳು, ಬರೆದುಕೊಂಡವನು ನಾನು.